ಹಿಲ್ಟಾ, ಕೋಯಿನ್ನಾ, ಇಲ್ಲಾ ಎರಡೂ ಬೇಡವಾ?

ನೀವು ಇಬ್ಬರೇ ಸೇರಿ ಕೋಟ್ಲಿನ್‌ನಲ್ಲಿ ಒಂದು ಆಂಡ್ರಾಯ್ಡ್ ಆಪ್ ಶುರು ಮಾಡುತ್ತಿದ್ದೀರಿ, ಡಿಪೆಂಡೆನ್ಸಿ ಇಂಜೆಕ್ಷನ್‌ಗೆ, ಅಂದ್ರೆ ಕೋಡಿನ ಒಂದು ಭಾಗಕ್ಕೆ (ಕ್ಲಾಸ್) ಬೇಕಾದ್ದನ್ನು ಹೊರಗಿನಿಂದ ಕೊಡೋಕೆ, ಹಿಲ್ಟ್ ಲೈಬ್ರರಿ ಹಾಕೋದಾ ಕೋಯಿನ್ ಲೈಬ್ರರಿ ಹಾಕೋದಾ ಅಂತ ಕೇಳಿದ್ದೀರಿ. ನಾನಾದರೆ ಮೊದಲ ದಿನವೇ ಎರಡನ್ನೂ ಹಾಕಲ್ಲ.

ಶಿರಸಿಯಲ್ಲಿ ಮನೆಯಲ್ಲೇ ಕೂತು ಒಬ್ಬ ಅಡಿಕೆ ವ್ಯಾಪಾರಿಗೆ ಆಪ್ ಮಾಡಿಕೊಟ್ಟಿದ್ದೆ. ಚಾಲಿ, ರಾಶಿ, ಬೆಟ್ಟೆ ಅಂತ ಅಡಿಕೆಯ ಬಗೆಗಳನ್ನು ಬೇರೆ ಬೇರೆ ಬರೆದುಕೊಳ್ಳೋದು, ತೂಕ, ದರ, ಕೊನೆಗೆ ಚೀಟಿ ಪ್ರಿಂಟ್. ಕೋಯಿನ್ ಬಳಸಿದ್ದೆ, ಕಲಿಯೋಕೆ ಅರ್ಧ ದಿನ ಸಾಕು ಅಂತ. ಒಂದು ಸಂಜೆ ಪ್ರಿಂಟರ್ ಕ್ಲಾಸನ್ನು ಒಡೆದು ಎರಡು ಮಾಡಿದೆ, ಹೊಸದನ್ನು ಮಾಡ್ಯೂಲಿಗೆ (ಯಾವುದನ್ನು ಹೇಗೆ ಹುಟ್ಟಿಸಬೇಕು ಅಂತ ಕೋಯಿನ್‌ಗೆ ಹೇಳುವ ಪಟ್ಟಿ) ಸೇರಿಸುವ ಒಂದೇ ಒಂದು ಸಾಲು ಮರೆತೆ. ಬಿಲ್ಡ್ ಆಯ್ತು. ಆಪ್ ತೆರೆಯಿತು. ಮರುದಿನ ಬೆಳಿಗ್ಗೆ ಚೀಲ ಇಳಿಸಿ, ತೂಕ ಹಾಕಿ, ರೈತರು ಎದುರಿಗೆ ನಿಂತಿರುವಾಗ ವ್ಯಾಪಾರಿ ಚೀಟಿ ಒತ್ತಿದರು, ಆಪ್ ಢಮಾರ್. ‘ಪುಸ್ತಕವೇ ಅಡ್ಡಿಲ್ಲೆ ಆಗಿತ್ತು ತಮಾ’ ಅಂದರು, ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಕೋಯಿನ್ ಬೇಕಾದ್ದನ್ನು ಹುಡುಕೋದು ಆಪ್ ಓಡುವಾಗ, ಅದೂ ಆ ಪರದೆಗೆ ಹೋದಾಗ. ಹಿಲ್ಟ್ ಕೂತಿರೋದು ಡ್ಯಾಗರ್ ಎಂಬ ಇನ್ನೊಂದು ಲೈಬ್ರರಿ ಮೇಲೆ, ಅದು ಕಂಪೈಲ್ ಮಾಡುವಾಗಲೇ ಎಲ್ಲ ಜೋಡಿಸಿ ನೋಡುತ್ತದೆ, ಈ ತಪ್ಪಿಗೆ ಬಿಲ್ಡೇ ಆಗುತ್ತಿರಲಿಲ್ಲ. ಅದಕ್ಕೆ ಕೊಡಬೇಕಾದ ಬೆಲೆ ಅಂದ್ರೆ ಕೋಡಿನಲ್ಲಿ @ ಹಾಕಿ ಬರೆಯುವ ಗುರುತುಗಳ, ಅಂದ್ರೆ ಅನೊಟೇಷನ್ನುಗಳ ರಾಶಿ (ಅಡಿಕೆಯದಲ್ಲ!), ಓದೋಕಾಗದಷ್ಟು ಉದ್ದದ ಎರರ್, ನಿಧಾನದ ಬಿಲ್ಡ್. ಆ ಅನೊಟೇಷನ್ನುಗಳನ್ನು ಓದೋಕೆ ಹಳೆಯ ಕಾಪ್ಟ್ ಬಿಟ್ಟು ಹೊಸ ಕೆಎಸ್‌ಪಿ ಹಾಕಿದರೆ ಸ್ವಲ್ಪ ವಾಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಇಳಿಯುತ್ತಿರುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಅದಕ್ಕೇ ಮೊದಲು ಕೈಯಲ್ಲೇ ಮಾಡಿ. ಪ್ರತಿ ಕ್ಲಾಸಿಗೂ ಬೇಕಾದ್ದನ್ನು ಕನ್‌ಸ್ಟ್ರಕ್ಟರಿನಲ್ಲೇ, ಅಂದ್ರೆ ಅದನ್ನು ಹುಟ್ಟಿಸುವಾಗಲೇ, ಕೇಳಿಸಿ, ಎಲ್ಲವನ್ನೂ ಒಂದು ಫೈಲಿನಲ್ಲಿ ಹುಟ್ಟಿಸಿ ಕೊಡಿ. ಹತ್ತು ಹದಿನೈದು ಕ್ಲಾಸಿಗೆ ಇದು ಧಾರಾಳ ಆಯ್ತು, ಮರೆತರೆ ಕಂಪೈಲರೇ ಹಿಡಿಯುತ್ತದೆ. ಟೆಸ್ಟಿಗೆ ಸುಳ್ಳು ಪ್ರಿಂಟರ್ ಕೊಡೋಕೂ ಇಷ್ಟೇ ಸಾಕು. ಲಾಗಿನ್ ಆದವರಿಗೆ ಒಂದು, ಪರದೆಗೊಂದು ಅಂತ ಹುಟ್ಟಿಸಿದವುಗಳ ಆಯುಷ್ಯ ಬೇರೆ ಬೇರೆ ಆಗಿ ಆ ಫೈಲ್ ತಲೆನೋವು ಕೊಡೋಕೆ ಶುರು ಮಾಡಿದ ದಿನ ಹಿಲ್ಟ್‌ಗೆ ಹೋಗಿ. ಕನ್‌ಸ್ಟ್ರಕ್ಟರ್ ಚೊಕ್ಕ ಇದ್ದರೆ ಬದಲಾಯಿಸೋದು ದೊಡ್ಡ ಕೆಲಸ ಅಲ್ಲ. ಕ್ಲಾಸ್ ಒಳಗೆಲ್ಲ ಸುಮ್ನೆ ಕೋಯಿನ್‌ನ ‘ಬೈ ಇಂಜೆಕ್ಟ್’ ಅಂತ ಬರೆದಿಟ್ಟಿದ್ದರೆ ಮಾತ್ರ ಕಷ್ಟ.

ಮುಂದೆ ಐಫೋನಿಗೂ ಇದೇ ಕೋಡ್ ಒಯ್ಯುವ ಯೋಚನೆ ಇದೆಯಾ? ಹಾಗಾದರೆ ಮಾತು ಬೇರೆ. ಹಿಲ್ಟ್ ಆಂಡ್ರಾಯ್ಡ್‌ಗೆ ಮಾತ್ರ, ಕೋಯಿನ್ನೇ ಹಾಕಿ. ಆದರೆ ಮಾಡ್ಯೂಲಿನ ಮೇಲೆ, ಬೇಕಾದ್ದೆಲ್ಲ ಇದೆಯಾ ಅಂತ ನೋಡುವ ‘ವೆರಿಫೈ’ ಕರೆಯುವ ಒಂದು ಟೆಸ್ಟ್ ಬರೆದು, ಅದು ಪಾಸಾಗದೆ ಎಪಿಕೆ (ಆಪ್‌ನ ಫೈಲ್) ಕಳಿಸಬೇಡಿ. ನಾನು ಅದನ್ನು ಬರೆದದ್ದು ಆಪ್ ಢಮಾರ್ ಆದ ಅವತ್ತೇ ಮಧ್ಯಾಹ್ನ, ಊಟಕ್ಕೂ ಮೊದಲು.