ಮಾರ್ಜಿನ್ ಕ್ಲಿಯರ್ ಇಲ್ಲ ಅಂದರೆ ಬರೀ ರೇಡಿಯೇಷನ್ ಸಾಕಾ?

ಅಮ್ಮನಿಗೆ ಸ್ತನ ಕ್ಯಾನ್ಸರ್, ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆದಿದ್ದಾರೆ, ರಿಪೋರ್ಟಿನಲ್ಲಿ ಮಾರ್ಜಿನ್, ಅಂದರೆ ತೆಗೆದ ತುಂಡಿನ ಅಂಚು, ಕ್ಲಿಯರ್ ಇಲ್ಲ ಅಂತ ಬಂದಿದೆ, ಇನ್ನೊಂದು ಆಪರೇಷನ್ ಬದಲು ಕರೆಂಟ್ (ರೇಡಿಯೇಷನ್) ಕೊಡಿಸಿದರೆ ಆಗಲ್ವಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ.

ಮೊದಲು ರಿಪೋರ್ಟನ್ನು ಡಾಕ್ಟರ ಹತ್ತಿರ ಇನ್ನೊಮ್ಮೆ ಓದಿಸಿ. ತೆಗೆದ ತುಂಡಿನ ಮೈಗೆಲ್ಲ ಲ್ಯಾಬಿನವರು ಇಂಕು ಬಳಿದು, ಆಮೇಲೆ ಕತ್ತರಿಸಿ ನೋಡುತ್ತಾರೆ. ಕ್ಯಾನ್ಸರ್ ಕಣ ಆ ಇಂಕಿಗೆ ತಾಗಿದ್ದರೆ ಪಾಸಿಟಿವ್. ತಾಗದೆ ಹತ್ತಿರದಲ್ಲಿದ್ದರೆ ಕ್ಲೋಸ್. ಎರಡೂ ಒಂದೇ ಅಲ್ಲ. ನಾಳ ದಾಟಿ ಸುತ್ತಲಿನ ಭಾಗಕ್ಕೂ ನುಗ್ಗಿದ ಇನ್ವೇಸಿವ್ ಕ್ಯಾನ್ಸರ್ ಆದರೆ ಇಂಕಿಗೆ ತಾಗದಿದ್ದರೆ ಸಾಮಾನ್ಯವಾಗಿ ಸಾಕು ಅಂತಾರೆ. ಹಾಲಿನ ನಾಳದೊಳಗೇ ಇರುವ ಡಿಸಿಐಎಸ್ ಆದರೆ 2 ಮಿ.ಮೀ. ಅಂತರ ನೋಡುತ್ತಾರೆ.

ನನ್ನದು ಒಂದು ಬದಿಯಲ್ಲಿ ಇಂಕಿಗೆ ತಾಗಿತ್ತು. ಸ್ತನ ಉಳಿಸಿಕೊಂಡವರಲ್ಲಿ ಹೆಚ್ಚಿನವರಿಗೆ ರೇಡಿಯೇಷನ್ ಹೇಗೂ ಕೊಡುತ್ತಾರೆ, ಮಾರ್ಜಿನ್ ಚೆನ್ನಾಗಿದ್ದರೂ. ಅದು ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕಣಗಳಿಗೆ. ಅಂಚಿನಲ್ಲೇ ಕ್ಯಾನ್ಸರ್ ಇದೆ ಅಂತ ಗೊತ್ತಾದ ಮೇಲೆ ಅದೊಂದನ್ನೇ ನಂಬಿ ಕೂರೋದು ಬೇಡ ಅಂದರು ಸರ್ಜನ್. ಆ ಬದಿಯನ್ನಷ್ಟೇ ಮತ್ತೆ ತೆಗೆದರು. ಮಾರನೇ ದಿನ ಮನೆಗೆ ಬಂದೆ. ಹಾಗಂತ ಎಲ್ಲರಿಗೂ ಎರಡನೇ ಆಪರೇಷನ್ ಬೇಕಾಗಲ್ಲ. ಅಂಚು ಎದೆಯ ಸ್ನಾಯುವಿನ ಕಡೆಗಿದ್ದು, ಅಲ್ಲಿ ತೆಗೆಯೋಕೆ ಇನ್ನೇನೂ ಉಳಿದಿಲ್ಲ ಅಂದರೆ ನೇರ ರೇಡಿಯೇಷನ್ನಿಗೇ ಹೋಗುವುದುಂಟು. ಅದಕ್ಕೇ ಯಾವ ಬದಿ ಅಂತ ಕೇಳಿ.

ನನಗೆ ಮೂರು ವಾರ 15 ಸಲ, ಆಮೇಲೆ ಗಡ್ಡೆ ಇದ್ದ ಜಾಗಕ್ಕೆ 5 ಸಲ ಬೂಸ್ಟ್, ಅಂದರೆ ಹೆಚ್ಚುವರಿ ರೇಡಿಯೇಷನ್, ಕೊಟ್ಟರು. ಕೊಡುವಾಗ ನೋವಿಲ್ಲ. ಕೊನೆಯ ವಾರ ಚರ್ಮ ಕಪ್ಪಾಗಿ, ಸ್ತನದ ಕೆಳಗಿನ ಮಡಿಕೆಯಲ್ಲಿ ಉರಿ ಬಂತು. ಸುಸ್ತು ಮಾತ್ರ ಜಾಸ್ತಿ. ಮೈಯಲ್ಲಿ ಕರೆಂಟ್ ಉಳಿದಿರುತ್ತೆ ಅಂತ ಮನೆಯವರು ಮೊಮ್ಮಗಳನ್ನು ನನ್ನ ಹತ್ತಿರ ಬಿಡುತ್ತಿರಲಿಲ್ಲ. ಆ ನೋವು ಇವತ್ತಿಗೂ ಇದೆ. ಹೊರಗಿನಿಂದ ಮೆಷಿನ್ನಲ್ಲಿ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯಲ್ಲ, ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ.

ಇನ್ನೊಂದು ಮಾತು. ಮೆಷಿನ್ ಕೆಳಗೆ ತೋಳನ್ನು ತಲೆಯ ಮೇಲಕ್ಕೆ ಎತ್ತಿ ಅಲ್ಲಾಡದೆ ಮಲಗಬೇಕು. ನನ್ನ ಭುಜ ಬಿಗಿದುಕೊಂಡಿತ್ತು, ಮೊದಲ ದಿನ ಅತ್ತುಬಿಟ್ಟೆ. ಗೋಡೆಯ ಮೇಲೆ ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹತ್ತಿಸುವ ವ್ಯಾಯಾಮ ಇದೆ. ಸರ್ಜನ್ ಸರಿ ಅಂದ ದಿನದಿಂದಲೇ ಅಮ್ಮನ ಕೈಯಲ್ಲಿ ಅದನ್ನು ಮಾಡಿಸಿ.