ಹಿಂದಿನ ಬೆಂಚಿಗೆ ಕಾಣುತ್ತದೆಯೇ? ತರಗತಿಯ ತಂತ್ರಜ್ಞಾನ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಶಿಕ್ಷಕರು ಮತ್ತು ಪೋಷಕರು ಕೇಳಿದ ಪ್ರಶ್ನೆಗಳಲ್ಲಿ ಎಂಟನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ದಾನಿಯೊಬ್ಬರು ಶಾಲೆಗೆ 43 ಇಂಚಿನ ಟಿವಿ ಕೊಡಿಸಲು ಒಪ್ಪಿದ್ದಾರೆ. ಕೊಠಡಿ 20 ಅಡಿ ಉದ್ದ, 40 ಮಕ್ಕಳು. ಟಿವಿ ಸಾಕೇ, ಪ್ರೊಜೆಕ್ಟರ್ ಕೇಳೋಣವೇ?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಜಗಳೂರು ತಾಲ್ಲೂಕು

ಕೊಳ್ಳುವ ಮೊದಲು ಗೋಡೆಗೆ ಒಂದು ಹಾಳೆ ಅಂಟಿಸಿ ನೋಡಿ. 43 ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ ಇರುವ ಅಳತೆ. ಅಗಲ 95 ಸೆಂ.ಮೀ., ಎತ್ತರ 53 ಸೆಂ.ಮೀ. ಅಷ್ಟೇ. ಆ ಅಳತೆಯ ಬಿಳಿ ಹಾಳೆಯ ಮೇಲೆ ಪಠ್ಯದ ಏಳು ಸಾಲು ಬರೆದು, ಕೊನೆಯ ಬೆಂಚಿನಲ್ಲಿ ಒಂದು ಮಗುವನ್ನು ಕೂರಿಸಿ ಓದಿಸಿ. ಅದು ತಡವರಿಸಿದರೆ ಟಿವಿ ತಂದ ಮೇಲೂ ತಡವರಿಸುತ್ತದೆ.

ಓದುವ ಪರದೆಗೆ ಒಂದು ಲೆಕ್ಕವಿದೆ: ಕಟ್ಟಕಡೆಯ ಮಗು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಕೂರಬಾರದು. 43 ಇಂಚಿನ ಟಿವಿಗೆ ಆ ದೂರ ಸುಮಾರು ಹತ್ತೂವರೆ ಅಡಿ, 55 ಇಂಚಿನದಕ್ಕೆ ಹದಿಮೂರೂವರೆ, 75 ಇಂಚಿನದಕ್ಕೆ 18. ನಿಮ್ಮ ಕೊಠಡಿಯಲ್ಲಿ 43 ಇಂಚು ಹಾಕಿದರೆ ಹಿಂದಿನ ಅರ್ಧ ತರಗತಿ ಬಣ್ಣ ನೋಡುತ್ತದೆ, ಅಕ್ಷರ ಓದುವುದಿಲ್ಲ. ಅದೇ ಹಣಕ್ಕೆ ಇನ್ನಷ್ಟು ಸೇರಿಸಿ ಪ್ರೊಜೆಕ್ಟರ್ ತರುವುದಾದರೆ ಕನಿಷ್ಠ 3,000 ಲ್ಯೂಮೆನ್ ಬೆಳಕಿನದು ಇರಲಿ. ಥ್ರೋ ರೇಶಿಯೋ (ಗೋಡೆಯ ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ) 1.5 ಇರುವ ಮಾಮೂಲಿ ಪ್ರೊಜೆಕ್ಟರ್‌ಗೆ ಆರು ಅಡಿ ಅಗಲದ ಚಿತ್ರ ಬರಬೇಕಾದರೆ ಗೋಡೆಯಿಂದ ಒಂಬತ್ತು ಅಡಿ ದೂರ ಬೇಕು. ಮೇಜಿನ ಮೇಲಿಟ್ಟರೆ ಶಿಕ್ಷಕರ ನೆರಳು ಪಾಠದ ಮೇಲೆಯೇ ಬೀಳುತ್ತದೆ, ಹಾಗಾಗಿ ಸೂರಿಗೆ ಕಟ್ಟಿಸಿ. ಪರದೆ ಇಲ್ಲದಿದ್ದರೆ ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿ. ಎನಾಮಲ್ ಹೊಡೆದ ಗೋಡೆಯ ನಡುವೆ ಬೆಳಕಿನ ಚುಕ್ಕೆ ಕುಕ್ಕುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಬೇಡಿ, ಮಕ್ಕಳು ಬರೆಯಬೇಕಲ್ಲ. ಪರದೆಯ ಪಕ್ಕದ ಎರಡು ಕಿಟಕಿಗೆ ದಪ್ಪ ಬಟ್ಟೆ ಸಾಕು.

ಇನ್ನೊಂದು ಮಾತು, ಇದು ಕನ್ನಡಕ್ಕೇ ಸೇರಿದ್ದು. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬ ಲೆಕ್ಕ ಇಂಗ್ಲಿಷ್ ಅಕ್ಷರಕ್ಕೆ ಒಪ್ಪುತ್ತದೆ. ನಮ್ಮಲ್ಲಿ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕದು. ‘ಶಾಸ್ತ್ರ’ದ ಎರಡು ಒತ್ತು ಹಿಂದಿನ ಬೆಂಚಿಗೆ ಒಂದು ಮಸಿ ಚುಕ್ಕೆಯಾಗಿ ಕಾಣುತ್ತದೆ. ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲಾಗದು. ಸಾಲಿನ ಅಂತರ ಒಂದೂವರೆ ಪಟ್ಟು ಇರಲಿ. ಒಂದು ಪುಟದಲ್ಲಿ ಏಳು ಸಾಲು ದಾಟಬೇಡಿ.

ಬೇಸಿಗೆ ರಜೆ ಮುಗಿಸಿ ಬಂದಾಗಲೆಲ್ಲ ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸದು ತರುವ ಶಕ್ತಿ ನಮಗಿಲ್ಲ. ಕಾರಣವೇನು?
– ಮುಖ್ಯ ಶಿಕ್ಷಕರು, ಹೊಳಲ್ಕೆರೆ ತಾಲ್ಲೂಕು

ಮೇನ್ ಸ್ವಿಚ್ ಆರಿಸಿ ಬೀಗ ಹಾಕಿ ಹೋಗುವುದೇ ಕಾರಣ. ಚಾರ್ಜ್ ನಿಲ್ಲುತ್ತದೆ, ಆದರೆ ಇನ್ವರ್ಟರ್ ಆನ್ ಇದ್ದರೆ ಯಾವ ಲೋಡೂ ಇಲ್ಲದೆಯೇ ತನ್ನಷ್ಟಕ್ಕೆ ಬ್ಯಾಟರಿಯನ್ನು ಹೀರುತ್ತಿರುತ್ತದೆ. ಬಿಸಿಲು ಹೆಚ್ಚಿದಷ್ಟೂ ಲೆಡ್ ಆಸಿಡ್ ಬ್ಯಾಟರಿ ಒಳಗೊಳಗೇ ಬೇಗ ಇಳಿಯುತ್ತದೆ. ಇಳಿದ ಬ್ಯಾಟರಿ ವಾರಗಟ್ಟಲೆ ಹಾಗೆಯೇ ಕೂತರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಕರಗುವುದಿಲ್ಲ.

ರಜೆಗೆ ಮೊದಲು ಇಡೀ ದಿನ ಚಾರ್ಜ್ ಮಾಡಿ. ಡಿಸ್ಟಿಲ್ಡ್ ನೀರನ್ನು ಗುರುತಿನವರೆಗೆ ಹಾಕಿ. ಬೋರ್‌ವೆಲ್ ನೀರು ಬೇಡವೇ ಬೇಡ, ನಮ್ಮ ಕಡೆಯ ಗಡಸು ನೀರಿನ ಲವಣ ಫಲಕಗಳನ್ನು ತಿನ್ನುತ್ತದೆ. ಇನ್ವರ್ಟರ್ ಆರಿಸಿ, ಮೊದಲು ನೆಗೆಟಿವ್ ವೈರನ್ನು ಕಳಚಿ, ತುದಿಗಳಿಗೆ ವ್ಯಾಸಲೀನ್ ಸವರಿ. ಒಂದೆರಡು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ 12.6ರಿಂದ 12.7 ವೋಲ್ಟ್ ತೋರಿಸಬೇಕು. ರಜೆಯ ನಡುವೆ ಊರಲ್ಲಿರುವ ಯಾರಾದರೂ ಬಂದು ನೋಡಲಿ. 12.4ಕ್ಕೆ ಇಳಿದಿದ್ದರೆ ಮತ್ತೆ ಒಂದು ದಿನ ಚಾರ್ಜ್.

ಲೋಡಿನ ಲೆಕ್ಕವನ್ನೂ ಗೋಡೆಗೆ ಬರೆದು ಹಾಕಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, ಇನ್ವರ್ಟರ್‌ನಲ್ಲಿ ಪೋಲಾಗುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 750. 150 ವ್ಯಾಟ್ ಎಳೆಯುವ ಟಿವಿ-ಲ್ಯಾಪ್‌ಟಾಪ್ ಜೋಡಿ ಐದು ಗಂಟೆ ನಡೆಯುತ್ತದೆ. 300 ವ್ಯಾಟಿನ ಸ್ಮಾರ್ಟ್ ಬೋರ್ಡ್ ಎರಡೂವರೆ ಗಂಟೆ. ಅದರ ಜೊತೆಗೆ ಫ್ಯಾನುಗಳನ್ನೂ ಅದೇ ಲೈನಿಗೆ ಕೊಟ್ಟರೆ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನು ಪರದೆಯ ಮೇಲೆ ಪ್ರಯೋಗ ಮಾಡಿ ತೋರಿಸುವ ಫೆಟ್ ಸಿಮ್ಯುಲೇಶನ್‌ನಲ್ಲಿ ಮಾಡಿದೆ. ಮಕ್ಕಳು ಖುಷಿಯಿಂದ ನೋಡಿದರು. ಪರೀಕ್ಷೆಯಲ್ಲಿ ಮಾತ್ರ ಸಮಾಂತರ ಜೋಡಣೆಯ ಪ್ರಶ್ನೆಗೆ ಹಿಂದಿನಂತೆಯೇ ತಪ್ಪು ಬರೆದರು. ಎಲ್ಲಿ ಎಡವಿದೆ?
– ವಿಜ್ಞಾನ ಶಿಕ್ಷಕಿ, ಚಳ್ಳಕೆರೆ

ಮಕ್ಕಳು ನೋಡಿದರು ಎಂದು ನೀವೇ ಬರೆದಿದ್ದೀರಿ. ಊಹಿಸಿದರೇ? ಉತ್ತರ ಪರದೆಯ ಮೇಲೆ ತಾನಾಗಿ ಬಂದುಬಿಟ್ಟರೆ ‘ನನಗೂ ಹಾಗೇ ಅನ್ನಿಸಿತ್ತು’ ಎಂದು ಮನಸ್ಸು ಸುಮ್ಮನಾಗುತ್ತದೆ. ತಪ್ಪು ತಿಳಿವಳಿಕೆ ಬೇರುಸಹಿತ ಅಲ್ಲೇ ಉಳಿಯುತ್ತದೆ. ಸಿಮ್ಯುಲೇಶನ್ ಪಾಠದಲ್ಲಿ ತುಂಬ ಮುಖ್ಯವಾದ ಕೆಲಸ ಅದನ್ನು ನಿಲ್ಲಿಸುವುದು.

ಫೆಟ್‌ನಲ್ಲಿರುವ ಡಿಸಿ ಸರ್ಕ್ಯೂಟ್ ಕಿಟ್‌ನಲ್ಲಿ ಬ್ಯಾಟರಿ 9 ವೋಲ್ಟ್, ರೋಧಕ 10 ಓಮ್ ಆಗಿಯೇ ಬರುತ್ತವೆ. ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಇನ್ನೊಂದು 10 ಓಮ್ ರೋಧಕವನ್ನು ಸರಣಿಯಲ್ಲಿ ಸೇರಿಸುವ ಮೊದಲು ಕೈ ತೆಗೆಯಿರಿ. ‘ಈಗ ಮೀಟರ್ ಎಷ್ಟು ತೋರಿಸುತ್ತದೆ? ಪುಸ್ತಕದಲ್ಲಿ ಬರೆಯಿರಿ’ ಎನ್ನಿ. ಪೆನ್ನಿನಲ್ಲೇ ಬರೆಯಲಿ, ಅಳಿಸಲು ಬರಬಾರದು. ಆಮೇಲೆ ಜೋಡಿಸಿ, 0.45 ಬರುತ್ತದೆ. ಇದನ್ನು ಹಲವರು ಸರಿಯಾಗಿಯೇ ಊಹಿಸುತ್ತಾರೆ. ಈಗ ಅದೇ ಎರಡನೆಯ ರೋಧಕವನ್ನು ಕಿತ್ತು ಸಮಾಂತರದಲ್ಲಿ ಇಡಿ, ತುದಿ ಮಾತ್ರ ಜೋಡಿಸಬೇಡಿ. ‘ರೋಧಕ ಹೆಚ್ಚಾಯಿತಲ್ಲ, ಕರೆಂಟು ಕಡಿಮೆಯಾಗಬೇಕು’ ಎಂಬ ಯೋಚನೆ ಇಲ್ಲೇ ಹೊರಬರುವುದು. ಪಕ್ಕದವರ ಜೊತೆ ಮೂರು ನಿಮಿಷ ವಾದ ಮಾಡಲಿ, ಗದ್ದಲವಾಗಲಿ. ಆಮೇಲೆ ತುದಿ ಜೋಡಿಸಿ. 1.80 ಎಂದು ಬಂದಾಗ ತಾನು ಬರೆದ ಅಂಕಿಯನ್ನು ಮಗು ತಿರುಗಿ ನೋಡುತ್ತದೆ. ಹರಿಯಲು ಎರಡನೆಯ ದಾರಿ ಸಿಕ್ಕಿತು ಎಂಬ ಮಾತನ್ನು ಆಗ ಹೇಳಿದರೆ ನಾಟುತ್ತದೆ, ಮೊದಲೇ ಹೇಳಿದರೆ ಇಲ್ಲ.

ಅಲ್ಲಿ ಇನ್ನೊಂದು ತೊಡಕಿದೆ. ಕಿಟ್ ಮೊದಲಿಗೆ ಎಲೆಕ್ಟ್ರಾನುಗಳ ಚಲನೆ ತೋರಿಸುತ್ತದೆ, ಪಠ್ಯದ ಬಾಣ ಅದಕ್ಕೆ ಎದುರು ದಿಕ್ಕಿನಲ್ಲಿರುತ್ತದೆ. ಕಿಟ್‌ನಲ್ಲಿ ‘ಕನ್ವೆನ್ಷನಲ್’ ಆಯ್ಕೆ ಒತ್ತಿದರೆ ಎರಡೂ ಹೊಂದುತ್ತವೆ. ಹಾಗೆ ಬದಲಿಸಿದ್ದು ಏಕೆಂದು ಮಕ್ಕಳಿಗೆ ಹೇಳಿಬಿಡಿ.

ಸಿಮ್ಯುಲೇಶನ್ ಮುಗಿದ ಮರುದಿನ ಎರಡು 1.5 ವೋಲ್ಟ್ ಸೆಲ್, ಎರಡು ಟಾರ್ಚ್ ಬಲ್ಬು, ವೈರು ಕೈಗೆ ಕೊಡಿ. ಪರದೆಯ ಮೇಲಿನ ವೈರು ಎಂದೂ ಸಡಿಲವಾಗುವುದಿಲ್ಲ, ಸೆಲ್ ಇಳಿಯುವುದಿಲ್ಲ, ಅಲ್ಲಿನ ಮಾಮೂಲಿ ಬಲ್ಬಿನ ರೋಧ ಕಾದರೂ ಬದಲಾಗುವುದಿಲ್ಲ. ನಿಜದ ಬಲ್ಬಿನ ತಂತಿ ಕಾದಷ್ಟೂ ರೋಧ ಏರುತ್ತದೆ, ಸೆಲ್ಲಿಗೂ ಒಳರೋಧವಿದೆ, ಹೋಲ್ಡರಿನ ತುಕ್ಕೂ ತನ್ನ ಪಾಲು ಕೇಳುತ್ತದೆ. ಆದ್ದರಿಂದ ಅಂಕಿ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ಏಕೆ ಕೂರಲಿಲ್ಲ ಎಂದು ಹುಡುಕುವ ಒಂದು ಪೀರಿಯಡ್ಡು ವಿಜ್ಞಾನದ ನಿಜವಾದ ಪಾಠ. ಫೆಟ್ ಒಂದನ್ನೇ ತೋರಿಸಿ ಕೈಬಿಟ್ಟರೆ ಅದು ಮಕ್ಕಳಿಗೆ ಸಿಗುವುದಿಲ್ಲ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಎಷ್ಟೋ ಸಲ ಸ್ಕ್ಯಾನ್ ಆಗುವುದಿಲ್ಲ. ಶಾಲೆಯಲ್ಲಿ ನೆಟ್‌ವರ್ಕ್ ಕೂಡ ಇಲ್ಲ.
– ಶಿಕ್ಷಕರು, ಮೊಳಕಾಲ್ಮುರು ತಾಲ್ಲೂಕು

ಪುಟ ಬಾಗಿದ್ದರೆ, ಕೈ ನೆರಳು ಬಿದ್ದರೆ ಕ್ಯಾಮೆರಾ ಹಿಡಿಯುವುದಿಲ್ಲ. ಪುಸ್ತಕವನ್ನು ಚಪ್ಪಟೆಯಾಗಿಟ್ಟು ನೋಡಿ. ಆಗಲೂ ಆಗದಿದ್ದರೆ ಕೋಡಿನ ಕೆಳಗೆ ಅಚ್ಚಾಗಿರುವ ಆರು ಅಕ್ಷರ-ಅಂಕಿಗಳನ್ನು ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಟೈಪ್ ಮಾಡಿ, ಅದೇ ಪಾಠ ತೆರೆಯುತ್ತದೆ. ನೆಟ್‌ವರ್ಕ್ ಇರುವ ಕಡೆ ಹಿಂದಿನ ಸಂಜೆಯೇ ಡೌನ್‌ಲೋಡ್ ಮಾಡಿ, ಒಮ್ಮೆ ಏರೋಪ್ಲೇನ್ ಮೋಡಿಗೆ ಹಾಕಿ ತೆರೆದು ಖಾತ್ರಿ ಮಾಡಿಕೊಳ್ಳಿ. ತೆರೆದ ಮೇಲೆ ಇಡೀ ವಿಡಿಯೊ ನೋಡಿ, ನಿಮಗೆ ಬೇಕಾದ ಎರಡು-ಮೂರು ನಿಮಿಷ ಎಲ್ಲಿದೆ ಎಂದು ಗುರುತು ಬರೆದುಕೊಳ್ಳಿ.

ಗಣಿತ ತಂತ್ರಾಂಶ ಜಿಯೋಜೀಬ್ರಾದಲ್ಲಿ ತ್ರಿಭುಜದ ಕೋನಗಳ ಮೊತ್ತ 180 ಎಂದು ತೋರಿಸುವಾಗ ಕೆಲವೊಮ್ಮೆ 300 ಡಿಗ್ರಿಯ ಕೋನ ಬರುತ್ತದೆ, ಕೆಲವೊಮ್ಮೆ ಕೂಡಿದರೆ 179. ಮಕ್ಕಳು ಪ್ರಶ್ನಿಸುತ್ತಾರೆ.
– ಗಣಿತ ಶಿಕ್ಷಕರು, ಹರಿಹರ

ಮೊದಲನೆಯದು ಕ್ಲಿಕ್ ಮಾಡುವ ಕ್ರಮದ ತಪ್ಪು. ಜಿಯೋಜೀಬ್ರಾ ಕೋನವನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಅಳೆಯುತ್ತದೆ. ಉಲ್ಟಾ ಕ್ರಮದಲ್ಲಿ ಒತ್ತಿದರೆ 60ರ ಬದಲು ಹೊರಗಿನ 300 ಕೊಡುತ್ತದೆ. ಶೃಂಗವನ್ನು ಎಳೆದು ಆಚೆ ಬದಿಗೆ ದಾಟಿಸಿದರೂ ಹೀಗೆಯೇ. ಕೋನದ ಪ್ರಾಪರ್ಟೀಸ್‌ನಲ್ಲಿ ‘0ರಿಂದ 180’ ಎಂದು ಕಟ್ಟಿಹಾಕಿದರೆ ಮುಗಿಯಿತು.

ಎರಡನೆಯದು ಮಕ್ಕಳು ನಿಮಗೆ ಕೊಟ್ಟ ಒಳ್ಳೆಯ ಅವಕಾಶ. 59.4, 60.3, 60.3 ಎಂಬ ಕೋನಗಳನ್ನು ದಶಮಾಂಶವಿಲ್ಲದೆ ತೋರಿಸಿದರೆ 59, 60, 60. ಮೊತ್ತ 179. ರೌಂಡಿಂಗ್ ಒಂದು ಸ್ಥಾನಕ್ಕೆ, ಎರಡು ಸ್ಥಾನಕ್ಕೆ ಏರಿಸುತ್ತ ಹೋದಂತೆ ಕೊರತೆ ಚಿಕ್ಕದಾಗುವುದನ್ನು ಮಕ್ಕಳೇ ಪಟ್ಟಿ ಮಾಡಲಿ. ಅಳತೆ ಎಷ್ಟೇ ಸೂಕ್ಷ್ಮವಾದರೂ ಅದು ಸಾಧನೆಯಲ್ಲ, ಅಂದರೆ ಪುರಾವೆಯಲ್ಲ ಎಂದು ಅವರಿಗೆ ಹೊಳೆದ ಗಳಿಗೆಯಲ್ಲೇ ಸಮಾಂತರ ರೇಖೆ ಎಳೆದು ಪ್ರಮೇಯಕ್ಕೆ ಹೋಗಿ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.
– ಕನ್ನಡ ಶಿಕ್ಷಕಿ, ಹೊನ್ನಾಳಿ

ಅವು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದವು. ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಅದರ ಮೇಲೆ ಕನ್ನಡದ ಆಕಾರ ಬಿಡಿಸುವುದು ಫಾಂಟು. ಫಾಂಟು ಇಲ್ಲದ ಮೊಬೈಲಿಗೆ ಅದು ಗೊತ್ತಾಗುವುದಿಲ್ಲ. ಈ ಹಳೆಯ ಸಂಕೇತದಿಂದ (ಆಸ್ಕಿ) ಎಲ್ಲ ಸಾಧನಗಳಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪರಿವರ್ತನೆಯ ನಂತರ ಅರ್ಕಾವತ್ತು ಇರುವ ಪದಗಳನ್ನು, ಎರಡು ಒತ್ತು ಬರುವ ಪದಗಳನ್ನು ಕಣ್ಣಾರೆ ನೋಡಿ, ತಪ್ಪು ಅಲ್ಲೇ ಅಡಗಿರುತ್ತದೆ. ಗಣಿತದ ಚಿಹ್ನೆಗಳೂ ಕೆಡಬಹುದು. ಇನ್ನು ಮುಂದೆ ಯೂನಿಕೋಡಿನಲ್ಲೇ ಟೈಪ್ ಮಾಡಿ. ಕೆ.ಪಿ. ರಾವ್ ರೂಪಿಸಿದ ಅದೇ ಕೀಲಿಮಣೆ ವಿನ್ಯಾಸ ಅಲ್ಲೂ ಇದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ.

ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲ. ಎಲ್ಲರ ಉತ್ತರ ಒಟ್ಟಿಗೆ ತಿಳಿಯುವ ದಾರಿ ಇದೆಯೇ?
– ಬಿ.ಇಡಿ. ವಿದ್ಯಾರ್ಥಿನಿ, ದಾವಣಗೆರೆ

ಪ್ಲಿಕರ್ಸ್ ಎಂಬ ಆ್ಯಪಿನಲ್ಲಿ ಒಂದೇ ಮೊಬೈಲ್ ಸಾಕು, ಅದೂ ಶಿಕ್ಷಕರದು. ಪ್ರತಿ ಮಗುವಿಗೂ ಒಂದು ಸಂಖ್ಯೆಯ ಚೌಕ ಕಾರ್ಡು. ಎ, ಬಿ, ಸಿ, ಡಿ ಪೈಕಿ ಯಾವ ಬದಿ ಮೇಲಿದೆಯೋ ಅದು ಉತ್ತರ. ದಪ್ಪ ಕಾಗದದಲ್ಲಿ ಮುದ್ರಿಸಿ. ಹೊಳೆಯುವ ಲ್ಯಾಮಿನೇಶನ್ ಮಾಡಿಸಿದರೆ ಕಿಟಕಿಯ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಕುರುಡಾಗುತ್ತದೆ. ಬೆರಳು ಕಪ್ಪು ಆಕಾರದ ಮೇಲೆ ಬಂದರೂ ಲೆಕ್ಕ ತಪ್ಪುತ್ತದೆ. ಇಂಟರ್ನೆಟ್ ಇಲ್ಲದ ಶಾಲೆಯಲ್ಲಿ ನಾಲ್ಕು ಬಣ್ಣದ ಚೀಟಿಗಳು ಇದೇ ಕೆಲಸ ಮಾಡುತ್ತವೆ, ಹೆಸರುವಾರು ದಾಖಲೆ ಮಾತ್ರ ಸಿಗುವುದಿಲ್ಲ.

ಕಾರ್ಡಿಗಿಂತ ಪ್ರಶ್ನೆ ಮುಖ್ಯ. ‘0.4, 0.35: ಯಾವುದು ದೊಡ್ಡದು?’ ಎಂದು ಕೇಳಿ. 35 ದೊಡ್ಡದಲ್ಲವೇ ಎಂದುಕೊಂಡವರು ಯಾರೆಂದು ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ ರೂಢಿಗೆ ತಂದ ಪದ್ಧತಿಯಲ್ಲಿ ಸರಿ ಉತ್ತರ ಶೇ. 30ರಿಂದ 70ರ ನಡುವೆ ಇದ್ದರೆ ಉತ್ತರ ಹೇಳದೆ ಮಕ್ಕಳೇ ಚರ್ಚಿಸಲು ಬಿಟ್ಟು, ಮತ್ತೊಮ್ಮೆ ಕಾರ್ಡು ಎತ್ತಿಸುತ್ತಾರೆ. ಅದಕ್ಕಿಂತ ಕಡಿಮೆ ಬಂದರೆ ಪಾಠವನ್ನೇ ಮತ್ತೆ ಮಾಡಬೇಕು, ಹೆಚ್ಚು ಬಂದರೆ ಮುಂದೆ ಸಾಗಬಹುದು.

ಮಗಳು ಹೋಂವರ್ಕ್ ಪ್ರಬಂಧವನ್ನು ಎಐ ಹತ್ತಿರ ಬರೆಸಿಕೊಳ್ಳುತ್ತಾಳೆ. ಶಾಲೆಯವರಿಗೆ ಏನೆಂದು ಹೇಳಲಿ?
– ಪೋಷಕರು, ಹಿರಿಯೂರು

ಮೊಬೈಲ್ ಕಿತ್ತುಕೊಳ್ಳುವುದಕ್ಕಿಂತ ವಿಷಯ ಬದಲಿಸಲು ಶಿಕ್ಷಕರನ್ನು ಕೇಳಿಕೊಳ್ಳಿ. ‘ನೀರಿನ ಮಹತ್ವ’ ಎಂದು ಕೊಟ್ಟರೆ ಯಂತ್ರ ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ನಿಮ್ಮೂರಿನ ಪಕ್ಕದಲ್ಲೇ ವಾಣಿ ವಿಲಾಸ ಸಾಗರ ಜಲಾಶಯವಿದೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆ ದಿನ ನೋಡಲು ಹೋದವರಲ್ಲಿ ಮೂವರನ್ನು ಮಾತಾಡಿಸಿ, ನೀರು ಹೊರಬಿದ್ದ ಮೇಲೆ ತೋಟದಲ್ಲಿ, ಬಾವಿಯಲ್ಲಿ ಏನಾಯಿತೆಂದು ಅವರ ಮಾತಿನಲ್ಲೇ ಬರೆದು ತರಲಿ. ಮೊದಲು ಬರೆದುಕೊಂಡ ಟಿಪ್ಪಣಿ ಹಾಳೆಯನ್ನೂ ಜೊತೆಗೆ ಕೊಡಲಿ, ಅದಕ್ಕೂ ಅಂಕವಿರಲಿ. ಕರಡು ಮುಗಿದ ಮೇಲೆ ಕಾಗುಣಿತ ನೋಡಲು ಎಐ ಬಳಸಿದರೆ ತಪ್ಪೇನಿಲ್ಲ.