ಪ್ರತಿಕ್ರಿಯೆ: ಐಸ್‌ಲ್ಯಾಂಡಿನ ಡ್ರೈಯಾಸ್ ಬೀಜ ಉಡುಪಿಯಲ್ಲಿ ಬೆಳೆಯುತ್ತದಾ?

ತಂಗಿ ಐಸ್‌ಲ್ಯಾಂಡಿನಿಂದ ತಂದ ಡ್ರೈಯಾಸ್ (ಚಳಿನಾಡಿನ ಪುಟ್ಟ ಹೂಗಿಡ) ಬೀಜ ಫ್ರಿಜ್‌ನಲ್ಲಿಟ್ಟು ಹಾಕಿದರೆ ಟೆರೇಸಿನಲ್ಲಿ ಬರುತ್ತದಾ ಅಂತ ಕೇಳಿದ್ದೀರಿ. ಫ್ರಿಜ್ ಉಪಾಯ ಸುಳ್ಳಲ್ಲ. ಒದ್ದೆ ಮರಳಿನಲ್ಲಿ ಕೆಲವು ವಾರ ತಂಪಾಗಿಟ್ಟರೆ ಮೊಳೆಯಲೂಬಹುದು. ಆದರೆ ಗಿಡ ಉಳಿಯುವುದಿಲ್ಲ. ನಮ್ಮಲ್ಲಿ ಜನವರಿ ರಾತ್ರಿಗೂ ಸುಮಾರು 20 ಡಿಗ್ರಿ. ಇದಕ್ಕೆ ಅದೇ ಜಾಸ್ತಿ. ಜೂನ್ ಬಂತೋ, ಬೇರು ಕೊಳೆಯಿತು ಅಂತಲೇ ಲೆಕ್ಕ. ಇದಕ್ಕೆ ಸುಣ್ಣಕಲ್ಲಿನ, ನೀರು ನಿಲ್ಲದ ನೆಲ ಇಷ್ಟ. ನಮ್ಮದು ಹುಳಿ ಮುರಕಲ್ಲು ಮಣ್ಣು.

ಗಿಡ ಮಾತ್ರ ಸೊಗಸು ಮಾರಾಯ್ರೇ. ಗುಲಾಬಿ ಕುಟುಂಬದ್ದು, ಒಂದು ಗೇಣು ಎತ್ತರವೂ ಇಲ್ಲ, ನೆಲಕ್ಕೆ ಚಾಪೆ ಹಾಸಿದ ಹಾಗೆ ಹರಡುತ್ತದೆ. ಹೂವಿಗೆ ಸಾಮಾನ್ಯವಾಗಿ ಎಂಟು ಬಿಳಿ ಎಸಳು. ಡಿಶ್ ಆಂಟೆನಾದಂತೆ ಸೂರ್ಯನತ್ತ ತಿರುಗುತ್ತಾ ಬಿಸಿಲನ್ನು ನಡುವಿಗೆ ಸೇರಿಸುತ್ತದೆ. ಅಲ್ಲಿ ಬೆಚ್ಚಗಿರುತ್ತಲ್ವಾ, ನೊಣಗಳು ಬಂದು ಕೂರುತ್ತವೆ. ಸುಮಾರು 12,900 ವರ್ಷಗಳ ಹಿಂದೆ ಶುರುವಾದ ದೊಡ್ಡ ಚಳಿಯ ಕಾಲಕ್ಕೆ 'ಯಂಗರ್ ಡ್ರೈಯಾಸ್' ಅಂತ ಹೆಸರು ಬಂದದ್ದೂ ಹಳೆಯ ಕೆರೆಕೆಸರಿನಲ್ಲಿ ಸಿಕ್ಕ ಇದರ ಎಲೆಗಳಿಂದಲೇ.

ನಾಲ್ಕು ಬೀಜ ಸುಮ್ನೆ ಹಾಕಿ ನೋಡಿ. ಉಳಿದದ್ದನ್ನು ಲೆನ್ಸ್‌ನಲ್ಲಿ ನೋಡಿ, ಗರಿಯಂಥ ಬಾಲ ಕಾಣುತ್ತದೆ. ಕುಂಡಕ್ಕೆ ಬದಲಿಗೆ ನಮ್ಮೂರ ಕೇಪುಳ ಹೂಗಿಡ ಹಾಕಿ.